ಅಕ್ಕನಿಗೆ ಕಸರತ್ತು ಕಲಿಸಿದ್ದು

ಅಕ್ಕನನ್ನು ನೋಡಲು ಬಂದಿದ್ದ ಮೂರನೆಯ ಗಂಡಿನ ತಾಯಿ ಗೇಟಿನ ಬಳಿ ಚಪ್ಪಲಿ ಮೆಟ್ಟಿಕೊಳ್ಳುತ್ತ ತಮ್ಮವರಿಗೆ ಹೇಳಿದ ಮಾತು ಒಳಗಿದ್ದ ನಮಗೆಲ್ಲ ಕೇಳಿಸಿತು.

"ಈ ಹುಡುಗಿ ಹಸೆಮಣೆ ಮೇಲೆ ಕೂತ್ರೆ ನಮ್ಮ ಹುಡುಗನಿಗೆ ಜಾಗ ಎಲ್ಲಿ ಉಳಿಯುತ್ತೆ?"

ಜೊತೆಗಿದ್ದವರು ನಕ್ಕರು. ಅವರನ್ನು ಕಳಿಸಿಕೊಡಲು ಗೇಟಿನವರೆಗೂ ಹೋಗಿದ್ದ ಅಪ್ಪ ಏನು ಮಾಡಬೇಕೆಂದು ತೋಚದೆ ತಾವೂ ಸ್ವಲ್ಪ ನಕ್ಕುಬಿಟ್ಟರು. ಅಕ್ಕ ಏನೂ ಕೇಳಿಸದವಳಂತೆ ಹಿತ್ತಲಿಗೆ ಹೋಗಿ, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವರು ಕೇಸರಿಬಾತು ತಿಂದು ಬಿಟ್ಟಿದ್ದ ತಟ್ಟೆಗಳನ್ನು ತೊಳೆಯಲು ಕೂತಳು. ಒಂದು ತಟ್ಟೆಯನ್ನು ಬಹಳ ಹೊತ್ತು ಉಜ್ಜುತ್ತಲೇ ಇದ್ದಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಜಯನಗರದಲ್ಲಿ, ಯಡಿಯೂರು ಕೆರೆಗೆ ಹತ್ತಿರದ ಒಂದು ಅಡ್ಡರಸ್ತೆಯ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅಕ್ಕನಿಗೆ ಇಪ್ಪತ್ತನಾಲ್ಕು. ಬಿ.ಎ. ಮುಗಿಸಿ ಮನೆಯಲ್ಲೇ ಇದ್ದು ಅಕ್ಕಪಕ್ಕದವರ ರವಿಕೆ ಹೊಲಿಯುತ್ತಿದ್ದಳು. ನನಗೆ ಹದಿನೆಂಟು. ಕಾಲೇಜಿನ ಥ್ರೋಬಾಲ್ ತಂಡದಲ್ಲಿ ಆಡುತ್ತಿದ್ದೆ. ಕಡ್ಡಿಯ ಹಾಗಿದ್ದೆ. ಅದಕ್ಕೆ ನಾನು ಮಾಡಿದ್ದೇನೂ ಇರಲಿಲ್ಲ, ಅಪ್ಪನ ಕಡೆಯ ಮೈ ನನಗೆ ಬಂದಿತ್ತು, ಅಮ್ಮನ ಕಡೆಯದು ಅಕ್ಕನಿಗೆ. ಆದರೆ ಆ ವಯಸ್ಸಿನಲ್ಲಿ ಅದು ನನ್ನದೇ ಸಾಧನೆ ಎಂದುಕೊಂಡಿದ್ದೆ.

ಆ ದಿನ ಸಂಜೆ ಅಕ್ಕ ನನ್ನ ಪಕ್ಕ ಬಂದು ಕೂತು ಕೇಳಿದಳು. "ನೀನು ಆಟಕ್ಕೆ ಮುಂಚೆ ಏನೇನೋ ಮಾಡ್ತೀಯಲ್ಲ, ಕೈಕಾಲು ಆಡಿಸೋದು, ಬಗ್ಗೋದು. ನನಗೂ ಹೇಳಿಕೊಡ್ತೀಯೇನೇ?"

"ನಿನಗಾ?"

"ಹೂಂ. ನಾನು ಇಳೀಬೇಕು ಕಣೇ. ಇನ್ನೊಂದ್ಸಲ ಆ ಥರ ಮಾತು ಕೇಳೋಕೆ ಆಗಲ್ಲ ನನಗೆ."

ಅಂದಿನವರೆಗೂ ಅಕ್ಕ ನನಗೆ ಜಡೆ ಹೆಣೆದವಳು, ಲೆಕ್ಕ ಹೇಳಿಕೊಟ್ಟವಳು, ಮಳೆಯಲ್ಲಿ ಶಾಲೆಗೆ ಕೊಡೆ ತಂದವಳು. ಅವಳು ನನ್ನ ಹತ್ತಿರ ಏನನ್ನಾದರೂ ಕಲಿಸು ಎಂದು ಕೇಳಿದ್ದು ಅದೇ ಮೊದಲು. ನನಗೆ ಹೆಮ್ಮೆಯಾಯಿತು. ಪಾಪ ಎನಿಸಿದ್ದು ಆಮೇಲೆ.

ಮರುದಿನದಿಂದಲೇ ಶುರುವಾಯಿತು. ಬೆಳಿಗ್ಗೆ ಐದೂವರೆಗೆ, ಹಾಲಿನವನು ಬರುವ ಮುಂಚೆ, ಇಬ್ಬರೂ ಹೊರಗಿನ ಮೆಟ್ಟಿಲು ಹತ್ತಿ ತಾರಸಿಗೆ ಹೋಗುತ್ತಿದ್ದೆವು. ಸೀರೆಯಲ್ಲಿ ಬಗ್ಗಲು ಆಗದೆ ಅಕ್ಕ ಅಪ್ಪನ ಹಳೆಯ ಪಟ್ಟೆ ಪೈಜಾಮವನ್ನು ತನ್ನ ಅಳತೆಗೆ ಹೊಲಿದುಕೊಂಡಳು, ಮೇಲೆ ಅವರದೇ ಒಂದು ಸಡಿಲವಾದ ಜುಬ್ಬ. ಅಮ್ಮನಿಗೆ ಅದು ಯಾರ ಕಣ್ಣಿಗಾದರೂ ಬಿದ್ದರೆ ಎಂಬ ಭಯ. ಮೊದಲ ವಾರವೆಲ್ಲ ಮೆಟ್ಟಿಲ ಕೆಳಗೆ ರಂಗೋಲಿ ಬಟ್ಟಲು ಹಿಡಿದು ಕಾವಲು ನಿಂತಿದ್ದಳು.

ನನಗೆ ಗೊತ್ತಿದ್ದದ್ದು ಕಾಲೇಜಿನ ತರಬೇತಿಯಲ್ಲಿ ಮಾಡಿಸುತ್ತಿದ್ದ ಅಷ್ಟಿಷ್ಟು ಮಾತ್ರ. ನಿಂತಲ್ಲೇ ಓಟ, ಸೊಂಟ ತಿರುಗಿಸುವುದು, ಬಸ್ಕಿ, ದಂಡ, ಅಂಗಾತ ಮಲಗಿ ಕಾಲೆತ್ತುವುದು. ಹಗ್ಗದಾಟಕ್ಕೆ ಬಟ್ಟೆ ಒಣಗಿಸುವ ನೈಲಾನ್ ಹಗ್ಗ. ತೂಕ ಎತ್ತಲು, ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದವರನ್ನು ಕೇಳಿ ತಂದ ಎರಡು ಇಟ್ಟಿಗೆ. ಅಕ್ಕ ಅವಕ್ಕೆ ಹಳೆಯ ಸೀರೆ ಸುತ್ತಿ ಹೊಲಿಗೆ ಹಾಕಿದಳು, ಕೈ ತರಚಬಾರದೆಂದು. ಮೊದಲ ದಿನ ಅವಳು ಹೊಡೆದದ್ದು ಏಳು ಬಸ್ಕಿ. ಎಂಟನೆಯದಕ್ಕೆ ಕೂತವಳು ಏಳಲಾಗದೆ ನೀರಿನ ತೊಟ್ಟಿಯ ಕಟ್ಟೆ ಹಿಡಿದುಕೊಂಡಳು. ದಂಡಕ್ಕಂತೂ ಮೈ ನೆಲ ಬಿಟ್ಟು ಮೇಲೇಳಲೇ ಇಲ್ಲ. ನಾನು ನಕ್ಕೆ. ಅವಳೂ ನಕ್ಕಳು.

ನಾನು ಒಳ್ಳೆಯ ಗುರುವಾಗಿರಲಿಲ್ಲ. ಇದನ್ನು ಈಗ ಹೇಳಲು ನಾಚಿಕೆಯಾಗುತ್ತದೆ. ಅವಳ ಊಟದ ಮೇಲೂ ನಾನೇ ಅಧಿಕಾರ ತೆಗೆದುಕೊಂಡೆ. ತುಪ್ಪ ಬೇಡ, ರಾತ್ರಿ ಅನ್ನ ಬೇಡ, ಸಂಜೆಯ ಕೋಡುಬಳೆ ಬೇಡ. ಬೆಲ್ಲದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವಳಿಗೆ ಬೆಳಿಗ್ಗೆ ತಂಗಳನ್ನಕ್ಕೆ ಮೊಸರು ಕಲಸಿ ಉಪ್ಪಿನಕಾಯಿ ನೆಂಚಿಕೊಂಡು ತಿನ್ನುವುದು ಬಹಳ ಇಷ್ಟ, ಅದನ್ನೂ ನಿಲ್ಲಿಸಿದೆ. ಯುಗಾದಿಗೆ ಚಿಕ್ಕಪ್ಪನ ಮನೆಯವರೆಲ್ಲ ಬಂದಿದ್ದರು. ಅಕ್ಕನ ಎಲೆಯ ಮೇಲೆ ಎರಡನೆಯ ಹೋಳಿಗೆ ಬಿದ್ದದ್ದೇ ತಡ, ನಾನು ಎದುರು ಸಾಲಿನಿಂದ ಎದ್ದು ಬಂದು ಅದನ್ನು ಎತ್ತಿಕೊಂಡು ನನ್ನ ಎಲೆಗೆ ಹಾಕಿಕೊಂಡೆ. "ನಾಳೆ ಐವತ್ತು ಬಸ್ಕಿ ಜಾಸ್ತಿ ಹೊಡೀತೀಯಾ?" ಎಂದೆ. ಎಲ್ಲರೂ ನಕ್ಕರು. ಅಕ್ಕ ತಲೆ ತಗ್ಗಿಸಿ ಸಾರಿನ ಅನ್ನ ಕಲಸಿಕೊಂಡಳು. ಮರುದಿನ ನಾನು ಕೇಳದಿದ್ದರೂ ಐವತ್ತು ಬಸ್ಕಿ ಹೆಚ್ಚಾಗಿ ಹೊಡೆದಳು.

ತಿಂಗಳಿಗೊಮ್ಮೆ ನಾಲ್ಕನೇ ಬ್ಲಾಕಿನ ಅಂಗಡಿಯೊಂದರ ಮುಂದಿದ್ದ ತೂಕದ ಯಂತ್ರದ ಮೇಲೆ ಅವಳನ್ನು ನಿಲ್ಲಿಸುತ್ತಿದ್ದೆ. ನಾಣ್ಯ ಹಾಕಿದರೆ ಬಣ್ಣದ ದೀಪಗಳು ತಿರುಗಿ, ಒಂದು ಕಡೆ ತೂಕ ಇನ್ನೊಂದು ಕಡೆ ಭವಿಷ್ಯ ಅಚ್ಚಾದ ಚೀಟಿ ಬೀಳುತ್ತಿತ್ತು. ಮೊದಲೆರಡು ತಿಂಗಳು ಚೀಟಿಯ ಮೇಲಿನ ಅಂಕಿ ಬದಲಾಗಲೇ ಇಲ್ಲ. ಮೂರನೆಯ ತಿಂಗಳಿನಿಂದ ಇಳಿಯತೊಡಗಿತು. ರವಿಕೆಗಳನ್ನು ಬಿಚ್ಚಿ ಹಿಡಿಸಿ ಹೊಲಿದುಕೊಂಡಳು. ಅಮ್ಮ ತರಕಾರಿಗೆ ಹೋದಲ್ಲಿ ಪರಿಚಯದವರಿಗೆಲ್ಲ, "ದೊಡ್ಡವಳು ಈಗ ಎಷ್ಟೋ ಇಳಿದಿದ್ದಾಳೆ ಕಣ್ರೀ, ಎಲ್ಲಾದ್ರೂ ಒಳ್ಳೆ ಗಂಡು ಇದ್ರೆ ಹೇಳಿ" ಎನ್ನುತ್ತಿದ್ದಳು.

ಆದರೆ ತಾರಸಿಯ ಮೇಲೆ ಬೇರೆಯೇ ಏನೋ ಆಗುತ್ತಿತ್ತು. ಅಕ್ಕ ತೂಕದ ವಿಷಯ ಮಾತಾಡುವುದನ್ನೇ ಬಿಟ್ಟಿದ್ದಳು. ಎಷ್ಟು ಇಳಿದೆ ಎನ್ನುವುದಕ್ಕಿಂತ ಎಷ್ಟು ಹೊಡೆದೆ ಎನ್ನುವುದರ ಮೇಲೆಯೇ ಅವಳ ಮನಸ್ಸು. ನಾನು ಏಳುವ ಮುಂಚೆಯೇ ಎದ್ದು ಮೇಲೆ ಹೋಗಿರುತ್ತಿದ್ದಳು. ಇನ್ನೆರಡು ಇಟ್ಟಿಗೆ ತಂದು ಸೇರಿಸಿ ಕಟ್ಟಿ ಭಾರ ಹೆಚ್ಚಿಸಿಕೊಂಡಳು. ಆ ಬೇಸಿಗೆಯಲ್ಲಿ ನಲ್ಲಿಯಲ್ಲಿ ನೀರು ಸರಿಯಾಗಿ ಬರುತ್ತಿರಲಿಲ್ಲ, ಬೀದಿ ಕೊನೆಯಿಂದ ಹೊತ್ತು ತರಬೇಕಿತ್ತು. ಮೊದಲೆಲ್ಲ ದಾರಿಯಲ್ಲಿ ಎರಡು ಕಡೆ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದವಳು ಈಗ ಸೊಂಟದಲ್ಲೊಂದು ಕೊಡ, ಕೈಯಲ್ಲೊಂದು ಬಕೆಟ್ ಹಿಡಿದು ನಿಲ್ಲದೆ ಬರುತ್ತಿದ್ದಳು. ಒಂದು ದಿನ ಒಟ್ಟಿಗೆ ದಂಡ ಹೊಡೆಯುತ್ತಿದ್ದೆವು. ಇಪ್ಪತ್ತೆರಡಕ್ಕೆ ನನ್ನ ತೋಳು ನಡುಗಿ ನಾನು ನೆಲಕ್ಕೆ ಬಿದ್ದೆ. ಅಕ್ಕ ಮೂವತ್ತರವರೆಗೂ ಹೋಗಿ, ಎದ್ದು ನಿಂತು, ಕೈ ಕೊಡವಿಕೊಂಡು ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಗೆದ್ದ ಭಾವ ಏನೂ ಇರಲಿಲ್ಲ. ಬರೀ ಸಂತೋಷ.

"ನೋಡಿದ್ಯೇನೇ? ಮೂವತ್ತು!"

"ನೀನು ಪೂರ್ತಿ ಇಳಿಯಲ್ಲ, ಅರ್ಧಕ್ಕೇ ಎದ್ದುಬಿಡ್ತೀಯ" ಎಂದೆ ನಾನು. ಸುಳ್ಳು. ಅವಳು ಪೂರ್ತಿ ಇಳಿಯುತ್ತಿದ್ದಳು.

ಒಂದು ಭಾನುವಾರ ಕಾಲೇಜಿನಿಂದ ಥ್ರೋಬಾಲನ್ನು ಮನೆಗೆ ತಂದಿದ್ದೆ. ಸಂಜೆ ತಾರಸಿಯ ಮೇಲೆ ಇಬ್ಬರೂ ಎಸೆದು ಹಿಡಿಯುತ್ತಿದ್ದೆವು, ಅಕ್ಕ ಸೀರೆಯಲ್ಲೇ. "ಜೋರಾಗಿ ಎಸಿ ನೋಡೋಣ" ಎಂದು ಕೆಣಕಿದೆ. ಅಕ್ಕ ಹಿಂದಕ್ಕೆ ಒಂದು ಹೆಜ್ಜೆ ಇಟ್ಟು, ತಲೆಯ ಮೇಲಿಂದ ಒಂದೇ ಕೈಯಲ್ಲಿ ಎಸೆದಳು. ಚೆಂಡು ನನ್ನ ಮೇಲಿಂದ ಹಾದು, ಹಿಂದಿನ ಖಾಲಿ ಸೈಟನ್ನೂ ದಾಟಿ, ಅದರಾಚೆಯ ಮನೆಯ ಕಾಂಪೌಂಡಿನೊಳಗೆ ಬಿತ್ತು.

ಅದು ನನ್ನ ಹೈಸ್ಕೂಲಿನ ಪಿ.ಟಿ. ಮಿಸ್ ಅವರ ಮನೆ. ಮೂರು ವರ್ಷ ಅವರ ಕೈಕೆಳಗೆ ಆಡಿದ್ದೆ. ಮಾತು ಕಡಿಮೆಯ ಹೆಂಗಸು, ಹೊಗಳಿಕೆ ಇನ್ನೂ ಕಡಿಮೆ. "ಚುರುಕಿದೀಯ, ತಾಳ್ಮೆ ಇಲ್ಲ" ಎಂದು ಒಮ್ಮೆ ಹೇಳಿದ್ದು ಬಿಟ್ಟರೆ ನನ್ನ ಬಗ್ಗೆ ಅವರು ಬೇರೇನೂ ಹೇಳಿದ ನೆನಪಿಲ್ಲ. ಚೆಂಡು ತರಲು ನಾವಿಬ್ಬರೂ ಹೋದೆವು. ಅವರು ಅದನ್ನು ಕೈಯಲ್ಲಿ ಹಿಡಿದು ಗೇಟಿನಲ್ಲೇ ನಿಂತಿದ್ದರು.

"ಯಾರು ಎಸೆದಿದ್ದು?"

ಬೈಯುತ್ತಾರೆಂದುಕೊಂಡು, "ಅಕ್ಕ, ಮಿಸ್" ಎಂದೆ.

ಅವರು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇನ್ನೊಂದ್ಸಲ ಎಸೀಮ್ಮ" ಎಂದರು. ಅಕ್ಕ ನಾಚಿಕೊಂಡಳು. ಆದರೂ ಸೆರಗು ಸಿಕ್ಕಿಸಿ ಖಾಲಿ ಸೈಟಿನಲ್ಲಿ ನಿಂತು ಎಸೆದಳು. ಮಿಸ್ ಅವಳ ಭುಜ ಮುಟ್ಟಿ ಏನೋ ತಿದ್ದಿದರು. ಮತ್ತೆ ಎಸೆದಳು. ಹೀಗೆ ಹತ್ತು ಸಲ. ಚೆಂಡು ಹೆಕ್ಕಿಕೊಂಡು ಬರುವ ಕೆಲಸ ನನ್ನದಾಯಿತು.

ಮುಂದಿನ ವಾರ ಮಿಸ್ ನಮ್ಮ ಮನೆಗೆ ಬಂದರು. ಅಪ್ಪ ಪೇಪರು ಮಡಚಿಟ್ಟು ಕುರ್ಚಿ ಎಳೆದುಕೊಟ್ಟರು. ಅಕ್ಕ ಕಾಫಿ ಮಾಡಲು ಒಳಗೆ ಹೋದಳು. ಮಿಸ್ ಸುತ್ತು ಬಳಸದೆ ಹೇಳಿದರು.

"ನಿಮ್ಮ ದೊಡ್ಡ ಮಗಳನ್ನ ಪಿ.ಟಿ. ಟೀಚರ್ ಕೋರ್ಸ್‌ಗೆ ಹಾಕಿ ಸಾರ್. ಡಿಗ್ರಿ ಆಗಿದೆ, ಇನ್ನೊಂದು ವರ್ಷ ಅಷ್ಟೇ. ಒಂದು ವಾರದಿಂದ ನಾನು ಅವಳನ್ನ ನಮ್ಮ ಮನೆ ಮೇಲಿಂದ ನೋಡ್ತಿದ್ದೀನಿ. ಇಪ್ಪತ್ತೈದು ವರ್ಷ ಸರ್ವೀಸಲ್ಲಿ ಇಷ್ಟು ಶಿಸ್ತು ಇರೋ ಹುಡುಗೀರನ್ನ ನಾನು ನೋಡಿಲ್ಲ. ಹುಡುಗೀರ ಸ್ಕೂಲ್‌ಗಳಲ್ಲಿ ಟೀಚರ್ಸ್ ಸಿಗ್ತಾ ಇಲ್ಲ. ಕೆಲಸ ಸಿಕ್ಕೇ ಸಿಗುತ್ತೆ."

ಅಮ್ಮ ಬಾಗಿಲಲ್ಲೇ ನಿಂತು, "ಮದುವೆ ಆಗಬೇಕಾದ ಹುಡುಗಿ, ಬಯಲಲ್ಲಿ ನಿಂತು ಸೀಟಿ ಊದ್ಕೊಂಡು..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಅಪ್ಪ ಬೇಡ ಎನ್ನಲಿಲ್ಲ. ಅವರು ಸ್ವಭಾವತಃ ಯಾವುದಕ್ಕೂ ಬೇಡ ಎನ್ನುವವರಲ್ಲ, ಬೇಕು ಎನ್ನುವವರೂ ಅಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ನೀನು ಹೇಳಮ್ಮ. ಇಷ್ಟು ದಿನ ಅವಳಿಗೆ ಮಾಡಿಸಿದವಳು ನೀನು. ಅವಳ ಕೈಲಿ ಆಗುತ್ತಾ?"

ಆ ಕ್ಷಣ ನನ್ನ ಮನಸ್ಸಿನಲ್ಲಿ ಏನಿತ್ತೆಂದು ನಾನು ಎಷ್ಟೋ ಸಲ ಕೆದಕಿ ನೋಡಿದ್ದೇನೆ. ಅಕ್ಕನ ಒಳ್ಳೆಯದು ಇರಲಿಲ್ಲ, ಕೆಟ್ಟದ್ದೂ ಇರಲಿಲ್ಲ. ಇದ್ದದ್ದು ಇಷ್ಟೇ. ಮೂರು ವರ್ಷ ನನ್ನ ಆಟ ನೋಡಿದ ಮಿಸ್ ನನಗಾಗಿ ಒಂದು ದಿನವೂ ನಮ್ಮ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ನಾನು ನಕ್ಕೆ. "ಅಕ್ಕನ ಕೈಲಾ? ಆಗಲ್ಲಪ್ಪ. ಮನೇಲಿ ನಾನು ಹಿಂದೆ ಬಿದ್ದು ಮಾಡಿಸ್ತೀನಿ ಅಂತ ಮಾಡ್ತಾಳೆ ಅಷ್ಟೇ. ಗ್ರೌಂಡಲ್ಲಿ ನಿಂತ್ರೆ ಮಕ್ಕಳು ನಗ್ತಾರೆ."

ಮಿಸ್ ನನ್ನನ್ನು ಒಂದು ಸಲ ನೋಡಿದರು. ತಿರುಗಿದರೆ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಮೊದಲು ಮಿಸ್ ಅವರಿಗೆ ಕೊಟ್ಟಳು, ಆಮೇಲೆ ಅಪ್ಪನಿಗೆ, ಆಮೇಲೆ ನನಗೆ. "ಸಕ್ಕರೆ ಸಾಕಾ ಮಿಸ್?" ಎಂದು ಕೇಳಿದಳು.

ಮಿಸ್ ಲೋಟ ಕೆಳಗಿಟ್ಟು, "ನೀನೇನಮ್ಮ ಹೇಳ್ತೀಯ?" ಎಂದರು.

"ಇಲ್ಲ ಮಿಸ್. ಅವಳು ಹೇಳಿದ್ದು ಸರಿ" ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ನಾನು ತಾರಸಿಗೆ ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಕೆಳಗೆ ಬಂದರೆ ಅಕ್ಕ ಹಿತ್ತಲಿನ ಒರಳಿನ ಮುಂದೆ ಕೂತು ದೋಸೆಗೆ ರುಬ್ಬುತ್ತಿದ್ದಳು.

"ಬರಲ್ವಾ?"

"ಸಾಕು ಬಿಡೇ. ಗಂಡಿನ ಕಡೆಯವರಿಗೆ ಎಷ್ಟು ಬೇಕೋ ಅಷ್ಟು ಇಳಿದಿದ್ದೀನಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಜಗಳವಾಡಿ, ಅತ್ತು, ಒಂದೆರಡು ದಿನದಲ್ಲಿ ಸತ್ಯ ಹೇಳಿಬಿಡುತ್ತಿದ್ದೆನೇನೋ. ಅವಳು ಒಪ್ಪಿಕೊಂಡಂತೆ ಕಂಡಿದ್ದರಿಂದ ನನಗೂ ಸುಮ್ಮನಿರುವುದು ಸುಲಭವಾಯಿತು.

ಮುಂದಿನ ವರ್ಷ ಅವಳ ಮದುವೆಯಾಯಿತು. ಭಾವ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ಒಳ್ಳೆಯವರು. ಬೆಂಗಳೂರಿನಲ್ಲೇ, ಶ್ರೀನಗರದಲ್ಲಿ ಮನೆ, ಅತ್ತೆ, ಮಾವ, ಇಬ್ಬರು ಮೈದುನರು, ಒಬ್ಬ ನಾದಿನಿ. ಅಕ್ಕ ಬೆಳಗಿನಿಂದ ರಾತ್ರಿಯವರೆಗೆ ಅವರಿಗೆಲ್ಲ ಅಡುಗೆ ಮಾಡಿ ಬಡಿಸಿದಳು. ಒಬ್ಬ ಮಗಳು, ಆಮೇಲೆ ಒಬ್ಬ ಮಗ. ಕರಗಿದ ಮೈ ಎರಡು ಹೆರಿಗೆಯಲ್ಲಿ ವಾಪಸು ಬಂತು. ಮಗ ಹುಟ್ಟಿದ ಮೇಲೆ ಬೆನ್ನುನೋವು ಬಂದು ಅದು ಬಿಡಲೇ ಇಲ್ಲ. ಪಿ.ಟಿ. ಮಿಸ್ ನಿವೃತ್ತರಾಗಿ ಬೆಂಗಳೂರು ಬಿಟ್ಟು ಮಗನ ಊರಿಗೆ ಹೋದರೆಂದು ಯಾರೋ ಹೇಳಿದರು.

ನನಗೂ ಕೆಲಸ ಸಿಕ್ಕಿತು, ಮದುವೆಯಾಯಿತು, ಬಿಟಿಎಂ ಲೇಔಟಿನಲ್ಲಿ ಮನೆ ಮಾಡಿದೆವು. ಮಗು ಹುಟ್ಟಿದ ಮೇಲೆ, ಅಪ್ಪನ ಕಡೆಯದೆಂದು ನಂಬಿದ್ದ ನನ್ನ ಮೈ ಕೂಡ ಉಬ್ಬಿತು. ಕಚೇರಿಯಲ್ಲಿ ಮೂರನೆಯ ಮಹಡಿ ಹತ್ತಿದರೆ ಏದುಸಿರು. ಒಂದು ಬೆಳಿಗ್ಗೆ ರೂಮಿನ ಬಾಗಿಲು ಹಾಕಿಕೊಂಡು ಬಸ್ಕಿ ಹೊಡೆಯಲು ಶುರು ಮಾಡಿದೆ. ಒಂಬತ್ತಕ್ಕೆ ಕಣ್ಣು ಕತ್ತಲೆ ಬಂದು ಮಂಚದ ಅಂಚು ಹಿಡಿದುಕೊಂಡೆ. ದಂಡ ಒಂದೂ ಆಗಲಿಲ್ಲ. ನೆಲದ ಮೇಲೆ ಬೋರಲು ಬಿದ್ದುಕೊಂಡೇ ಇದ್ದೆ. ಸೊನ್ನೆಯಿಂದ ಮೂವತ್ತಕ್ಕೆ ಹೋಗುವುದೆಂದರೆ ಏನೆಂದು ನನಗೆ ಮೊದಲ ಸಲ ಅರ್ಥವಾದದ್ದು ಆವತ್ತು. ಅದೂ ಅರೆಹೊಟ್ಟೆಯಲ್ಲಿ, ಹಂಗಿಸುವ ತಂಗಿಯೊಬ್ಬಳ ಎದುರು.

ಆ ಶನಿವಾರ ಮಧ್ಯಾಹ್ನ ಶ್ರೀನಗರಕ್ಕೆ ಹೋದೆ. ಅವರೆಕಾಯಿಯ ಕಾಲ. ಅಕ್ಕ ನಡುಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ನೆನೆಸಿದ ಅವರೆಕಾಳನ್ನು ಹಿದುಕುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಕೈ ಹಾಕಿದೆ. ನನ್ನ ಪಾಡು ಹೇಳಿಕೊಂಡೆ. ಅವಳು ಹೊಟ್ಟೆ ತುಂಬ ನಕ್ಕಳು.

"ಒಂಬತ್ತಾ? ನಾನೂ ಮೊದಲನೇ ದಿನ ಏಳೇ ಹೊಡೆದಿದ್ದು. ಬಿಡಬೇಡ ಕಣೇ. ದಿನಾ ಒಂದೊಂದೇ ಜಾಸ್ತಿ ಮಾಡು. ಮೂರು ತಿಂಗಳು ಏನೂ ಗೊತ್ತಾಗಲ್ಲ, ಆಮೇಲೆ ನೋಡು."

ಅವಳಿಗೆ ಎಲ್ಲವೂ ನೆನಪಿತ್ತು. ಅದು ನನಗೆ ಧೈರ್ಯ ಕೊಟ್ಟಿತೋ, ತಡೆಯಲಾಗದೇ ಹೋಯಿತೋ, ಕೇಳಿಬಿಟ್ಟೆ.

"ಅಕ್ಕ, ಆವತ್ತು ಮಿಸ್ ಬಂದಾಗ ನೀನು ಯಾಕೆ ಹೋಗ್ತೀನಿ ಅನ್ನಲಿಲ್ಲ?"

ಅವಳು ತಲೆ ಎತ್ತದೆ ಹೇಳಿದಳು. "ಹೋಗಬೇಕು ಅಂತ ಆಸೆ ಇತ್ತು ಕಣೇ. ಹಿಂದಿನ ರಾತ್ರಿ ನಿದ್ದೇನೇ ಮಾಡಿರಲಿಲ್ಲ, ಮಿಸ್ ಬರ್ತೀನಿ ಅಂತ ನನಗೆ ಮೊದಲೇ ಹೇಳಿದ್ರು. ಆದ್ರೆ ನನ್ನ ಕೈಲಿ ಎಷ್ಟಾಗುತ್ತೆ ಅಂತ ನನಗಿಂತ ಚೆನ್ನಾಗಿ ನಿನಗೆ ಗೊತ್ತಿತ್ತಲ್ಲ. ದಿನಾ ನೋಡ್ತಿದ್ದವಳು ನೀನು. ನೀನೇ ಆಗಲ್ಲ ಅಂದ ಮೇಲೆ, ಆಗಲ್ಲ ಅಂತಲೇ ಅಂದ್ಕೊಂಡೆ."

ಇಷ್ಟು ವರ್ಷ ನಾನು ಅಂದುಕೊಂಡಿದ್ದು ಬೇರೆ. ನಾನು ಅವಮಾನ ಮಾಡಿದೆ, ಅವಳು ನುಂಗಿಕೊಂಡಳು, ಒಂದಲ್ಲ ಒಂದು ದಿನ ಕ್ಷಮೆ ಕೇಳಿದರೆ ತೀರಿತು ಎಂದುಕೊಂಡಿದ್ದೆ. ಅವಳು ಅದನ್ನು ಅವಮಾನವೆಂದು ತಿಳಿದೇ ಇರಲಿಲ್ಲ. ಬಲ್ಲವರು ಕೊಟ್ಟ ತೀರ್ಪು ಎಂದು ನಂಬಿ, ಅದರ ಮೇಲೆ ತನ್ನ ಬದುಕನ್ನು ಕಟ್ಟಿಕೊಂಡಿದ್ದಳು.

"ಆಗ್ತಿತ್ತು ಅಕ್ಕ" ಎಂದೆ. "ನಿನ್ನ ಕೈಲಿ ಚೆನ್ನಾಗೇ ಆಗ್ತಿತ್ತು. ನಾನು ಸುಳ್ಳು ಹೇಳಿದೆ."

ಅವಳ ಬೆರಳು ನಿಂತವು. "ಮತ್ತೆ ಯಾಕೆ ಹಂಗಂದೆ?"

"ನೀನು ನನಗಿಂತ ಚೆನ್ನಾಗಿ ಮಾಡ್ತಿದ್ದೆ. ಮಿಸ್ ನಿನ್ನ ಹುಡುಕ್ಕೊಂಡು ಬಂದ್ರು. ನನಗೆ ತಡಕೊಳ್ಳೋಕೆ ಆಗಲಿಲ್ಲ."

ಅಕ್ಕ ನನ್ನ ಮುಖವನ್ನೇ ನೋಡಿದಳು. ಸಿಟ್ಟಾಗುತ್ತಾಳೆ, ಅಳುತ್ತಾಳೆ ಎಂದು ಕಾದೆ.

"ಅಷ್ಟೇನಾ?" ಎಂದಳು.

ಬಹಳ ಮೆಲ್ಲಗೆ ಹೇಳಿದಳು. ಇದಕ್ಕಿಂತ ದೊಡ್ಡದೊಂದು ಕಾರಣ ಇರಬೇಕಿತ್ತು ಎನ್ನುವ ಹಾಗೆ. ಅವಳು ಗೋಡೆಗೆ ಕೈ ಕೊಟ್ಟು, ಬೆನ್ನು ಹಿಡಿದುಕೊಂಡು ಎದ್ದು, ಬೇಳೆಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಊಟಕ್ಕೆ ಹಾಕಿದಳು. ಹಿದುಕಿದ ಬೇಳೆ ಸಾರು, ಮುದ್ದೆ. "ಇನ್ನೊಂದು ಸ್ವಲ್ಪ ಹಾಕಲಾ?" ಎಂದು ಎರಡು ಸಲ ಕೇಳಿದಳು. ಸಂಜೆ ಬಸ್ ಸ್ಟಾಪಿನವರೆಗೂ ಬಂದು, ಬಸ್ಸು ಹೊರಡುವವರೆಗೂ ನಿಂತಿದ್ದಳು. ನನ್ನ ಜೊತೆ ಮಾತು ಬಿಡಲಿಲ್ಲ.

ಆದರೆ ಆ ದಿನದ ನಂತರ ಅವಳು ನನ್ನನ್ನು ಯಾವುದಕ್ಕೂ ಏನನ್ನಿಸುತ್ತದೆ ಎಂದು ಕೇಳಲಿಲ್ಲ. ಅದಕ್ಕೆ ಮೊದಲು ಮಗಳ ಶಾಲೆ, ಅತ್ತೆಯ ಔಷಧಿ, ಹಬ್ಬದ ಸೀರೆಯ ಬಣ್ಣ, ಎಲ್ಲಕ್ಕೂ ಪಕ್ಕದ ಅಂಗಡಿಯಿಂದ ನನ್ನ ಕಚೇರಿಗೆ ಫೋನ್ ಮಾಡಿ, "ನೀನೇನಂತೀಯೇ?" ಎನ್ನುತ್ತಿದ್ದಳು. ಆ ಫೋನು ಬರುವುದು ನಿಂತಿತು. ನಾನೇ ಹೋದರೆ ಸಂತೋಷವಾಗಿಯೇ ಮಾತಾಡಿಸುತ್ತಾಳೆ, ಉಪಚಾರ ಮಾಡುತ್ತಾಳೆ. ಎಲ್ಲ ವಿಷಯ ಹೇಳುತ್ತಾಳೆ, ನಿರ್ಧಾರವಾದ ಮೇಲೆ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅವರು ಬನಶಂಕರಿಯಲ್ಲಿ ಸ್ವಂತ ಮನೆ ಕಟ್ಟಿಸಿದರು. ಸೈಟು ಕೊಂಡದ್ದಾಗಲಿ, ಪಾಯ ತೆಗೆದದ್ದಾಗಲಿ ನನಗೆ ಗೊತ್ತಾಗಿರಲಿಲ್ಲ. ಒಂದು ಭಾನುವಾರ ಅಕ್ಕ ಭಾವ ಇಬ್ಬರೂ ನಮ್ಮ ಮನೆಗೆ ಬಂದರು. ಅಕ್ಕ ಹೊಸ ಸೀರೆ ಉಟ್ಟಿದ್ದಳು. ನನ್ನ ಹಣೆಗೆ ಕುಂಕುಮ ಇಟ್ಟು, ಕೈಗೆ ಅಚ್ಚು ಹಾಕಿಸಿದ ಕಾಗದ ಕೊಟ್ಟು, ಬೇರೆ ನೆಂಟರಿಗೆ ಹೇಳುವ ಹಾಗೆಯೇ ಹೇಳಿದಳು. "ಗೃಹಪ್ರವೇಶ ಇಟ್ಕೊಂಡಿದ್ದೀವಿ. ಎಲ್ಲರೂ ಬರಬೇಕು. ತಪ್ಪಿಸಬೇಡಿ."